ಗೌರವ ಸದಸ್ಯೆ ಕೇಳಿದ ಪ್ರಶ್ನೆ

ತೊಂಬತ್ತಾರರ ನವೆಂಬರಿನ ಆ ಭಾನುವಾರ ಜಯಲತಾ ಮನೆ ಬಿಡುವಾಗಲೇ ತಡವಾಗಿತ್ತು. ಡೊಂಬಿವಲಿಯಿಂದ ಠಾಣೆಗೆ ಲೋಕಲ್, ಅಲ್ಲಿಂದ ಬೇಲಾಪುರದ ಬಸ್ಸು, ಬಸ್ಸಿಳಿದ ಮೇಲೆ ಬಯಲಲ್ಲಿ ಅರ್ಧ ಗಂಟೆ ನಡಿಗೆ. ಬಗಲಲ್ಲಿ ಒಂದು ತಗಡಿನ ಪೆಟ್ಟಿಗೆ. ಅದರಲ್ಲಿ ಹತ್ತಿ, ಬ್ಯಾಂಡೇಜು, ಟಿಂಚರು, ನೋವಿನ ಸ್ಪ್ರೇ, ಎರಡು ಮರದ ಪಟ್ಟಿ. ಪೆಟ್ಟಿಗೆ ಅಸೋಸಿಯೇಶನ್ನಿನದು, ಹೊರುವ ಕೈ ಅವಳದು.

ಠಾಣೆಯ ಒಂದು ನರ್ಸಿಂಗ್ ಹೋಮಿನಲ್ಲಿ ಅವಳಿಗೆ ಹದಿನೆಂಟು ವರ್ಷದ ಕೆಲಸ. ವಾರಕ್ಕೊಂದು ರಜೆ. ಅಂಥ ರಜೆಗಳಲ್ಲಿ ವರ್ಷಕ್ಕೆ ಎಂಟು ಹತ್ತನ್ನು ಅವಳು ಪಾರ್ಸಿಕ್ ಮೋಟರ್ ಸ್ಪೋರ್ಟ್ಸ್ ಅಸೋಸಿಯೇಶನ್ನಿಗೆ ಕೊಡುತ್ತ ಬಂದು ಆರು ವರ್ಷವಾಗಿತ್ತು. ಮೊದಲು ಕರೆದುಕೊಂಡು ಹೋದವನು ಮುಂಡಪ್ಪ. ಅವಳ ಊರು ಶಿರ್ವದ ಕಡೆಯವನೇ, ಮಾಜಿವಾಡಾದಲ್ಲಿ ಸ್ಕೂಟರ್ ಗ್ಯಾರೇಜು ಇಟ್ಟವನು, ಅಸೋಸಿಯೇಶನ್ ಶುರುವಾದ ದಿನದಿಂದ ಅದರ ಆಜೀವ ಸದಸ್ಯ. "ಬೈಕಿನವರು ಬಿದ್ದು ಕೈಕಾಲು ತರಚಿಕೊಳ್ತಾರೆ, ಒಂದು ಮದ್ದು ಹಚ್ಚುವವರೂ ಇಲ್ಲ, ಒಂದು ಸಲ ಬನ್ನಿ" ಅಂದಿದ್ದ. ಒಂದು ಸಲ ಹೋದವಳು ಹೋಗುತ್ತಲೇ ಉಳಿದಳು. ವಾರವಿಡೀ ಪಿಸುಮಾತಿನ ವಾರ್ಡಿನಲ್ಲಿ ಓಡಾಡುವವಳಿಗೆ ಕೆಮ್ಮಣ್ಣಿನ ದಿಣ್ಣೆ ಹತ್ತಿ ಗಾಳಿಗೆ ಹಾರುವ ಬೈಕುಗಳನ್ನು ಕಂಡರೆ ಎದೆ ಹಗುರಾಗುತ್ತಿತ್ತು. ಇದನ್ನು ಅವಳು ಗಂಡ ಶಂಭುವಿಗೂ ಹೇಳಿರಲಿಲ್ಲ. ಸೇವೆ ಎಂದಷ್ಟೇ ಹೇಳಿದ್ದಳು.

ಸೇವೆ ಎನ್ನುವ ಮಾತು ರಘುಪತಿಯದು. ರಘುಪತಿ ಅಸೋಸಿಯೇಶನ್ನಿನ ಕಾರ್ಯನಿರ್ವಾಹಕ ನಿರ್ದೇಶಕ. ಐವತ್ತರ ಆಸುಪಾಸಿನ ಬೆಂಗಳೂರಿನವನು, ಒಂದು ಕಾಲದಲ್ಲಿ ಸ್ವತಃ ರ್‍ಯಾಲಿ ಓಡಿಸಿದವನು. ಮೊದಲ ದಿನವೇ ಕನ್ನಡದಲ್ಲಿ ಮಾತಾಡಿಸಿ, "ನಮ್ಮದು ಧರ್ಮಾದಾಯ ಸಂಸ್ಥೆ ಸಿಸ್ಟರ್. ಲಾಭ ಅನ್ನೋದೇ ಇಲ್ಲ. ಎಲ್ಲರೂ ಸೇವೆಗೆ ಬಂದವರು" ಅಂದಿದ್ದ. ಆದ್ದರಿಂದ ಬಸ್ಸಿನ ಚಾರ್ಜೂ ಅವಳದೇ. ಮಧ್ಯಾಹ್ನ ಒಂದು ಪುರಿ ಭಾಜಿಯ ಪೊಟ್ಟಣ ಸಿಗುತ್ತಿತ್ತು. ಹಿಂದಿನ ವರ್ಷ ರಘುಪತಿಯೇ ವೇದಿಕೆಗೆ ಕರೆದು ಒಂದು ಶಾಲು ಹೊದೆಸಿ, 'ಗೌರವ ಸದಸ್ಯೆ' ಎಂದು ಬರೆದ ಕಾರ್ಡು ಕೊಟ್ಟಿದ್ದ.

ಆ ಭಾನುವಾರ ಮೂರನೆಯ ರೇಸಿನಲ್ಲಿ ತಿರುವಿನಲ್ಲಿ ಎರಡು ಬೈಕು ಒಂದಕ್ಕೊಂದು ಡಿಕ್ಕಿಯಾದವು. ಒಂದು ಅಲ್ಲೇ ಬಿತ್ತು. ಇನ್ನೊಂದು ಹಗ್ಗ ಹರಿದುಕೊಂಡು ಹೋಗಿ, ಟ್ರ್ಯಾಕಿನ ಧೂಳಿಗೆ ನೀರು ಹೊಡೆಯುತ್ತಿದ್ದ ಚಂದ್ರಾಮನಿಗೆ ಗುದ್ದಿತು. ಚಂದ್ರಾಮ ಆಳಂದದ ಕಡೆಯಿಂದ ಬಂದ ಕೂಲಿಯಾಳು. ರೇಸಿನ ದಿನ ಪೈಪು ಹಿಡಿಯುವುದಕ್ಕೆ ಎಂಬತ್ತು ರೂಪಾಯಿ.

ಜಯಲತಾ ಓಡಿದಳು. ಸವಾರರಿಬ್ಬರಲ್ಲಿ ಒಬ್ಬನ ಮುಂಗೈ ಮುರಿದು ಸೊಟ್ಟಗಾಗಿತ್ತು, ಇನ್ನೊಬ್ಬನ ಹಣೆಯಿಂದ ರಕ್ತ ಕಣ್ಣಿಗಿಳಿಯುತ್ತಿತ್ತು. ಚಂದ್ರಾಮ ತಾನಾಗಿಯೇ ಎದ್ದು ಕೂತಿದ್ದ.

"ಎಲ್ಲಿ ನೋವು?" ಎಂದು ಕೇಳಿದಳು.

"ಈ ಎಡಕ್ಕಿನ ಭುಜ ನೋಯ್ತದ್ರೀ ಅಕ್ಕಾರ, ಮತ್ತೇನಿಲ್ಲ."

ಅವಳು ಭುಜ ಮುಟ್ಟಿ ನೋಡಿದಳು. ಮೂಳೆ ಸರಿಯಿತ್ತು. ಸ್ಪ್ರೇ ಹೊಡೆದು, ಟೆಂಟಿನ ನೆರಳಲ್ಲಿ ಕೂರಿಸಿ, "ಅಲ್ಲಾಡಬೇಡ" ಎಂದು ಹೇಳಿ, ಹಣೆ ಒಡೆದವನ ಹತ್ತಿರ ಹೋದಳು. ಅಲ್ಲಿ ಮುಕ್ಕಾಲು ಗಂಟೆ. ತಿರುಗಿ ಬಂದಾಗ ಚಂದ್ರಾಮ ಪಕ್ಕಕ್ಕೆ ಒರಗಿದ್ದ, ತುಟಿ ಬೆಳ್ಳಗೆ. ನಾಡಿಗೆ ಬೆರಳಿಟ್ಟವಳಿಗೆ ಅದು ಸಿಕ್ಕಿ ಸಿಕ್ಕಿ ತಪ್ಪಿಸಿಕೊಳ್ಳುತ್ತಿತ್ತು. ಅಂಗಿ ಎತ್ತಿದಳು. ಹೊಟ್ಟೆ ಹಲಗೆಯಂತೆ ಬಿಗಿದಿತ್ತು.

ಆಂಬುಲೆನ್ಸ್ ಇರಲಿಲ್ಲ, ಯಾವತ್ತೂ ಇರುತ್ತಿರಲಿಲ್ಲ. ಟಯರು ತುಂಬಿದ್ದ ಟೆಂಪೋ ಖಾಲಿ ಮಾಡಿಸಿ, ಅದರಲ್ಲಿ ಅವನನ್ನು ಮಲಗಿಸಿ, ಕಾಲು ಎತ್ತಿ ಹಿಡಿದುಕೊಂಡು ಠಾಣೆ ಬೇಲಾಪುರ ರಸ್ತೆಯಲ್ಲಿ ಐವತ್ತು ನಿಮಿಷ ಕೂತಳು. ದೊಡ್ಡಾಸ್ಪತ್ರೆಯಲ್ಲಿ ಕೂಡಲೇ ಕೊಯ್ದರು. ಎಡಪಕ್ಕೆಲುಬಿನ ಕೆಳಗಿನ ಗುಲ್ಮ ಒಡೆದು ಹೊಟ್ಟೆಯೆಲ್ಲ ರಕ್ತವಾಗಿತ್ತು. ಅದನ್ನು ತೆಗೆದುಹಾಕಿ ಜೀವ ಉಳಿಸಿದರು.

ಹೊಟ್ಟೆಗೆ ಪೆಟ್ಟಾದವನು ಎಡಭುಜ ನೋವು ಅಂದರೆ ಭುಜ ಬಿಟ್ಟು ಹೊಟ್ಟೆ ನೋಡು. ಇದು ನರ್ಸಿಂಗ್ ಕಲಿಯುವ ಎರಡನೆಯ ವರ್ಷದ ಪಾಠ. ಜಯಲತಾ ತಾನೇ ಎಷ್ಟೋ ಹೊಸ ಹುಡುಗಿಯರಿಗೆ ಹೇಳಿಕೊಟ್ಟ ಪಾಠ.

ಅಂದಿನಿಂದ ಅವಳಿಗೆ ಒಂದು ಕಡೆ ಕೂರಲಾಗಲಿಲ್ಲ. ಅನ್ನಕ್ಕಿಟ್ಟು ಗ್ಯಾಸು ಹಚ್ಚಲು ಮರೆತಳು. ಲೋಕಲಿನಲ್ಲಿ ಸೀಟು ಸಿಕ್ಕಿದರೂ ಬಾಗಿಲ ಬಳಿಯೇ ನಿಂತಳು. ಒಂದು ದಿನ ಠಾಣೆಯಲ್ಲಿ ಇಳಿಯಬೇಕಾದವಳು ಮುಲುಂಡ್ ದಾಟಿದ ಮೇಲೆ ಎಚ್ಚೆತ್ತಳು. ವಾರ್ಡಿನಲ್ಲಿ ನೆಗಡಿಯಾದವರ ಹೊಟ್ಟೆಯನ್ನೂ ಒತ್ತಿ ನೋಡುತ್ತಿದ್ದಳು. "ಎಂತ ಆಯ್ತು ನಿಂಗೆ?" ಎಂದು ಶಂಭು ಕೇಳಿದ. ಅವನು ಡೊಂಬಿವಲಿ ಸ್ಟೇಷನ್ ಎದುರಿನ ಉಡುಪಿ ಹೋಟೆಲಿನಲ್ಲಿ ಗಲ್ಲಾಪೆಟ್ಟಿಗೆಯ ಮುಂದೆ ಕೂರುವವನು, ಮುಖ ನೋಡಿ ಹಸಿವು ಹೇಳಬಲ್ಲವನು. "ಎಂತದೂ ಇಲ್ಲ" ಅಂದಳು.

ಹತ್ತನೆಯ ದಿನ ವಾಶಿಯ ಅಸೋಸಿಯೇಶನ್ ಆಫೀಸಿಗೆ ಹೋಗಿ ರಘುಪತಿಯನ್ನು ಕಂಡಳು. ಚಂದ್ರಾಮನ ಔಷಧಿ, ರಕ್ತದ ಬಾಟಲಿ, ಎಲ್ಲ ಸೇರಿ ಹದಿನಾಲ್ಕು ಸಾವಿರವಾಗಿತ್ತು. ಅವನ ಹೆಂಡತಿ ಚಂದವ್ವ ಕಿವಿಯ ಬೆಂಡೋಲೆ ಬಿಚ್ಚಿ ಕೊಟ್ಟಾಗಿತ್ತು.

ರಘುಪತಿ ಚಹಾ ತರಿಸಿದ. ಅವನ ಮುಖದಲ್ಲಿ ಸಂಕಟ ನಿಜವಾಗಿಯೇ ಇತ್ತು.

"ನನಗೂ ನಿದ್ದೆಯಿಲ್ಲ ಸಿಸ್ಟರ್. ಆದರೆ ಏನ್ ಮಾಡಲಿ ಹೇಳಿ. ಧರ್ಮಾದಾಯ ಸಂಸ್ಥೆ, ಕೈಯಲ್ಲಿ ಕಾಸಿಲ್ಲ. ಅವನು ಕಂಟ್ರಾಕ್ಟರನ ಆಳು, ನಮ್ಮವನಲ್ಲ. ಆದರೂ ರೈಡರ್‌ಗಳ ಹತ್ತಿರ ಹೆಲ್ಮೆಟ್ ಹಿಡಿದು ದುಡ್ಡು ಎತ್ತಿಸಿದ್ದೀನಿ."

ಅವನು ಕೊಟ್ಟ ಕವರಿನಲ್ಲಿ ಮೂರು ಸಾವಿರದ ಇನ್ನೂರು ಇತ್ತು. ಜಯಲತಾ ಅದನ್ನು ತೆಗೆದುಕೊಂಡು ಹೋಗಿ ಚಂದವ್ವನ ಕೈಗಿಟ್ಟಳು. ಅದಕ್ಕೆ ತನ್ನದೊಂದು ಸಾವಿರ ಸೇರಿಸಿದ್ದಳು. ಸೇರಿಸಿದ್ದನ್ನು ಹೇಳಲಿಲ್ಲ. ಭುಜದ ಮಾತನ್ನೂ ಹೇಳಲಿಲ್ಲ.

ಜನವರಿಯಲ್ಲಿ ಒಂದು ಮಧ್ಯಾಹ್ನ ಮುಂಡಪ್ಪ ನರ್ಸಿಂಗ್ ಹೋಮಿಗೇ ಬಂದ. ಕೈಯಲ್ಲಿ ನುಣುಪು ಕಾಗದದ ಒಂದು ಪುಸ್ತಕ. ವಾರ್ಷಿಕ ಸಭೆಗೆ ಮುಂಚೆ ಸದಸ್ಯರಿಗೆ ಅಂಚೆಯಲ್ಲಿ ಬರುವ ವರದಿ. ಪ್ರತಿ ವರ್ಷ ಅದರ ಮುಖಪುಟದ ಬೈಕಿನ ಚಿತ್ರ ನೋಡಿ ಅವನು ಗ್ಯಾರೇಜಿನ ಗೋಡೆಗೆ ಅಂಟಿಸುತ್ತಿದ್ದ, ಒಳಗೆ ಓದಿದವನಲ್ಲ.

"ಈ ಸಲ ಗಿರಾಕಿಯೊಬ್ಬರು ತಿರುಗಿಸಿ ನೋಡಿ ನಕ್ಕರು ಮಾರಾಯ್ರೆ," ಎಂದ, ತುಳುವಿನಲ್ಲಿ. "ಯಾಕೆ ನಕ್ಕರು ಅಂತ ಗೊತ್ತಾಗಲಿಲ್ಲ. ನೀವು ಇಂಗ್ಲಿಷ್ ಓದುವವರು, ಸ್ವಲ್ಪ ನೋಡಿ."

ಜಯಲತಾ ಡ್ರೆಸ್ಸಿಂಗ್ ರೂಮಿನ ಕಿಟಕಿಯ ಬಳಿ ನಿಂತು ಓದಿದಳು. ಖರ್ಚಿನ ಪುಟದಲ್ಲಿ ಮೇಲಿನಿಂದ ಮೂರನೆಯ ಸಾಲು: ಕಾರ್ಯನಿರ್ವಾಹಕ ನಿರ್ದೇಶಕರ ಸಂಭಾವನೆ, ನಾಲ್ಕು ಲಕ್ಷದ ಇಪ್ಪತ್ತು ಸಾವಿರ. ಅದರ ಕೆಳಗೆ ಅವರ ಕಾರು ಮತ್ತು ಮನೆ ಬಾಡಿಗೆ, ಒಂದು ಲಕ್ಷದ ಅರವತ್ತೈದು ಸಾವಿರ. ಬೆರಳು ಇಳಿಯುತ್ತ ಇಳಿಯುತ್ತ ಪುಟದ ತಳಕ್ಕೆ ಬಂದಾಗ ಸಿಕ್ಕಿತು: ವೈದ್ಯಕೀಯ ವ್ಯವಸ್ಥೆ, ಒಂದು ಸಾವಿರದ ಎಂಟುನೂರ ಐವತ್ತು.

ವರ್ಷಕ್ಕೆ ಒಂಬತ್ತು ರೇಸು. ಹತ್ತಿ, ಟಿಂಚರು, ಸ್ಪ್ರೇ. ಬಿಲ್ಲು ತಂದುಕೊಟ್ಟವಳು ಅವಳೇ. ಲೆಕ್ಕ ಸರಿಯಾಗಿಯೇ ಇತ್ತು.

ಅವಳು ಓದಿ ಹೇಳಿದ್ದನ್ನು ಕೇಳಿ ಮುಂಡಪ್ಪ ಪುಸ್ತಕವನ್ನು ಸುರುಳಿ ಸುತ್ತಿದ. ಹದಿಮೂರು ವರ್ಷದಲ್ಲಿ ಅಸೋಸಿಯೇಶನ್ನಿನ ಎಷ್ಟು ಬೈಕುಗಳನ್ನು ಅವನು ಕೂಲಿಯಿಲ್ಲದೆ ರಿಪೇರಿ ಮಾಡಿದ್ದನೋ.

"ಹಾಗಾದರೆ ಸೇವೆ ಮಾಡಿದ್ದು ನಾವು ಮಾತ್ರವಾ?" ಎಂದ.

ಮನೆಯಲ್ಲಿ ಶಂಭು, "ನಿನಗೆಂತಕ್ಕೆ ಊರ ಉಸಾಬರಿ? ಧರ್ಮಾದಾಯ ಅಂದರೆ ಸಂಬಳ ಕೊಡಬಾರದು ಅಂತ ಇಲ್ಲ. ದೊಡ್ಡ ದೊಡ್ಡ ಆಸ್ಪತ್ರೆಯೆಲ್ಲ ಟ್ರಸ್ಟೇ ಅಲ್ಲವಾ, ಅಲ್ಲಿ ಡಾಕ್ಟರು ಬಿಟ್ಟಿ ದುಡಿಯುತ್ತಾರಾ?" ಅಂದ. ಅವನು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಆದರೂ ಅವಳು ಅಡಿಗೆಮನೆಯಿಂದ ಬಾಲ್ಕನಿಗೆ, ಬಾಲ್ಕನಿಯಿಂದ ಅಡಿಗೆಮನೆಗೆ ಓಡಾಡಿದಳು. ಕೋಪ ರಘುಪತಿಯ ಮೇಲೋ, ತನ್ನ ಮೇಲೋ ಎಂದು ಅವಳಿಗೇ ಬಿಡಿಸಿಕೊಳ್ಳಲಾಗಲಿಲ್ಲ. ಆಂಬುಲೆನ್ಸೊಂದು ನಿಂತಿದ್ದರೆ, ಜೊತೆಗೆ ಒಬ್ಬ ಡಾಕ್ಟರಿದ್ದಿದ್ದರೆ, ತಾನು ಒಬ್ಬಳೇ ಮೂವರ ನಡುವೆ ಓಡಬೇಕಾಗಿರಲಿಲ್ಲ. ಇದು ನಿಜ. ತಾನು ಅಂಗಿ ಎತ್ತಿ ನೋಡಲಿಲ್ಲ. ಅದೂ ನಿಜ. ಒಂದನ್ನು ಹಿಡಿದರೆ ಇನ್ನೊಂದು ಬಂದು ಚುಚ್ಚುತ್ತಿತ್ತು.

ಸಭೆ ವಾಶಿಯ ಒಂದು ಹಾಲಿನಲ್ಲಿ, ಭಾನುವಾರ ಬೆಳಿಗ್ಗೆ. ಅರವತ್ತು ಎಪ್ಪತ್ತು ಜನ. ಇಂಗ್ಲಿಷ್, ಹಿಂದಿ, ಮರಾಠಿ ಮೂರೂ ಬೆರೆಸಿ ಮಾತು ನಡೆಯುತ್ತಿತ್ತು. ಜಯಲತಾ ಗೌರವ ಸದಸ್ಯೆಯ ಕಾರ್ಡು ತೋರಿಸಿ ಒಳಗೆ ಹೋದಳು. ಆ ಕಾರ್ಡಿಗೆ ಕೂರುವ ಹಕ್ಕಿತ್ತು, ಮತ ಹಾಕುವ ಹಕ್ಕಿರಲಿಲ್ಲ. ಪ್ರಶ್ನೆ ಕೇಳುವವನು ಮುಂಡಪ್ಪ ಎಂದು ನಿಶ್ಚಯವಾಗಿತ್ತು. ಒಂದು ವಾರ ಗ್ಯಾರೇಜಿನಲ್ಲಿ ಸ್ಪ್ಯಾನರ್ ಹಿಡಿದುಕೊಂಡೇ ಅವನು ಅದನ್ನು ಹಿಂದಿಯಲ್ಲಿ ಬಾಯಿಪಾಠ ಮಾಡಿದ್ದ.

ಲೆಕ್ಕಪತ್ರದ ಸರದಿ ಬಂದಾಗ ಅವನು ಎದ್ದು ನಿಂತ. "ಸಾಹೇಬರೇ" ಅಂದ. ಎಲ್ಲರೂ ತಿರುಗಿ ನೋಡಿದರು. ಅಷ್ಟಕ್ಕೇ ಬಾಯಿಪಾಠವೆಲ್ಲ ಮರೆತುಹೋಯಿತು. ಪಂಚೆಯ ಅಂಚು ಹಿಂಡುತ್ತ ನಿಂತ, ನಿಂತೇ ಇದ್ದ. ಹಿಂದಿನಿಂದ ಯಾರೋ ನಕ್ಕರು.

ಪ್ರಶ್ನೆ ಬರೆದಿದ್ದ ಕಾಗದ ಹಿಡಿದು ಜಯಲತಾ ಎದ್ದಳು. "ಅವರ ಪ್ರಶ್ನೆ ನಾನು ಓದುತ್ತೇನೆ."

ವೇದಿಕೆಯ ಮೇಲಿದ್ದ ರಘುಪತಿ ಮೈಕಿನಿಂದ ಮುಖ ಸರಿಸಿ ಕನ್ನಡದಲ್ಲಿ, "ಸಿಸ್ಟರ್, ಕೂತ್ಕೊಳ್ಳಿ. ಇದು ನಮ್ಮ ನಮ್ಮಲ್ಲಿ ಆಮೇಲೆ ಮಾತಾಡೋಣ" ಎಂದ.

"ಇಲ್ಲ, ಈಗಲೇ" ಎಂದು ಅವಳು ಹಿಂದಿಯಲ್ಲಿ ಶುರುಮಾಡಿದಳು. "ಲಾಭಕ್ಕಲ್ಲದ ಸಂಸ್ಥೆ ಅಂತ ನಮಗೆ ಸರಕಾರಿ ಬಯಲು ಪುಕ್ಕಟೆ ಸಿಕ್ಕಿದೆ. ತೆರಿಗೆಯಿಲ್ಲ. ಕೆಲಸದವರು ಬಿಟ್ಟಿ ಬರುತ್ತಾರೆ. ನಿರ್ದೇಶಕರ ಸಂಬಳ, ಕಾರು, ಮನೆ ಸೇರಿ ಐದು ಲಕ್ಷದ ಎಂಬತ್ತೈದು ಸಾವಿರ. ಮದ್ದಿಗೆ ಒಂದು ಸಾವಿರದ ಎಂಟುನೂರ ಐವತ್ತು. ಈ ಸಂಬಳ ನಿಗದಿ ಮಾಡಿದವರು ಯಾರು? ಯಾವ ಸಭೆಯಲ್ಲಿ? ಇಷ್ಟು ಇದ್ದ ಮೇಲೆ ಒಂದು ಆಂಬುಲೆನ್ಸ್ ಯಾಕಿಲ್ಲ? ಗಾಯಾಳುವಿಗೆ ಕೊಡಲು ಕಾಸಿಲ್ಲ ಅಂತ ಯಾಕೆ ಹೇಳಿದಿರಿ?"

ಹಾಲಿನಲ್ಲಿ ಗುಸುಗುಸು ಎದ್ದಿತು. ರಘುಪತಿ ಸಾವಧಾನವಾಗಿಯೇ ಉತ್ತರಿಸಿದ. ತಾನು ಕಂಪನಿಯ ನೌಕರಿ ಬಿಟ್ಟು ಬಂದದ್ದು, ಅಲ್ಲಿ ಇದರ ಎರಡರಷ್ಟು ಸಿಗುತ್ತಿದ್ದದ್ದು, ಪ್ರಾಯೋಜಕರ ಬಾಗಿಲು ಬಾಗಿಲು ತಿರುಗಿ ಇಷ್ಟು ದೊಡ್ಡ ಸಂಸ್ಥೆ ಕಟ್ಟಿದ್ದು. ಕಾನೂನು ಸಂಬಳ ಬೇಡ ಅನ್ನುವುದಿಲ್ಲ ಎಂದ. ಕೆಲವರು ಚಪ್ಪಾಳೆ ತಟ್ಟಿದರು. ಆಮೇಲೆ ಅವನ ದನಿ ಬದಲಾಯಿತು.

"ಆಂಬುಲೆನ್ಸ್ ಅಂದರು. ಕೇಳಿದವರೇ ಹೇಳಲಿ. ಆ ದಿನ ಗಾಯಾಳು ಭುಜ ನೋವು ಅಂದಾಗ ಸ್ಪ್ರೇ ಹೊಡೆದು ಮುಕ್ಕಾಲು ಗಂಟೆ ನೆರಳಲ್ಲಿ ಕೂರಿಸಿದವರು ಯಾರು? ಡಾಕ್ಟರನ್ನು ಕೇಳಿ ನೋಡಿದ್ದೀನಿ. ಅದು ಹೊಟ್ಟೆಯೊಳಗಿನ ರಕ್ತದ ಗುರುತಂತೆ. ಹದಿನೆಂಟು ವರ್ಷದ ಅನುಭವದ ನರ್ಸಿಗೆ ಅದು ತಿಳಿಯಲಿಲ್ಲವೇ?"

ಜಯಲತಾ ಕೈಯಲ್ಲಿದ್ದ ಕಾಗದ ಮಡಚಿದಳು. ಎರಡು ತಿಂಗಳಿನಿಂದ ಯಾವ ಮಾತಿಗೆ ಹೆದರಿ ಅವಳು ನಿಂತಲ್ಲಿ ನಿಲ್ಲಲಾರದೆ ಓಡಾಡಿದ್ದಳೋ ಆ ಮಾತು ಮೈಕಿನಲ್ಲಿ ಬಂದಿತ್ತು. ಮುಂಡಪ್ಪ ಕುರ್ಚಿಯ ಮೇಲೆ ಕುಸಿದು ಕೂತ. ಅವಳೂ ಕೂತುಬಿಡುತ್ತಾಳೆಂದೇ ಎಲ್ಲರೂ ತಿಳಿದರು.

"ನಾನೇ," ಎಂದಳು. "ಹೊಟ್ಟೆ ನೋಡಬೇಕಿತ್ತು. ನೋಡಲಿಲ್ಲ. ತಪ್ಪು ನನ್ನದು, ಬರೆದುಕೊಳ್ಳಿ. ಯಾವ ಕಚೇರಿಯಲ್ಲಿ ಕೇಳಿದರೂ ಹೇಳುತ್ತೇನೆ." ಉಸಿರು ತೆಗೆದುಕೊಂಡಳು. "ನನ್ನ ಉತ್ತರ ಆಯಿತು. ಈಗ ನಿಮ್ಮದು ಹೇಳಿ. ಸಂಬಳ ನಿಗದಿ ಮಾಡಿದವರು ಯಾರು?"

ರಘುಪತಿ ಪಕ್ಕದಲ್ಲಿದ್ದ ಅಧ್ಯಕ್ಷರ ಕಡೆ ತಿರುಗಿದ. ವೇಳೆಯಾಯಿತೆಂದು ಅಧ್ಯಕ್ಷರು ಕೈ ಎತ್ತಲು ಹೇಳಿದರು. ಲೆಕ್ಕಪತ್ರ ಪಾಸಾಯಿತು. ವಿರುದ್ಧ ಎದ್ದ ಕೈ ಏಳು. ಮುಂಡಪ್ಪನದು ಎಲ್ಲಕ್ಕಿಂತ ಮೇಲಿತ್ತು. ಜಯಲತಾಳ ಕೈ ಲೆಕ್ಕಕ್ಕಿರಲಿಲ್ಲ.

ಆ ಏಳು ಜನ ಸೇರಿ ಮುಂದಿನ ವಾರ ಇಂಥ ಸಂಸ್ಥೆಗಳ ಲೆಕ್ಕ ನೋಡುವ ಠಾಣೆಯ ಧರ್ಮಾದಾಯ ಕಚೇರಿಗೆ ಅರ್ಜಿ ಕೊಟ್ಟರು. ಅರ್ಜಿ ಬರೆದವಳು ಜಯಲತಾ. ಡ್ಯೂಟಿ ಮುಗಿಸಿ, ಬಸ್ಸಿಗೆ ಕಾಯುತ್ತ, ಪೆಟ್ಟಿಗೆ ಅಂಗಡಿಯ ಕಟ್ಟೆಯ ಮೇಲೆ ಕಾಗದ ಇಟ್ಟುಕೊಂಡು ನಾಲ್ಕು ಸಲ ತಿದ್ದಿದಳು. ತನ್ನ ತಪ್ಪನ್ನೂ ಅದರಲ್ಲಿ ಒಂದು ಸಾಲಾಗಿ ಸೇರಿಸಿದಳು. "ಅದು ಯಾಕೆ?" ಎಂದ ಮುಂಡಪ್ಪ. "ಅವರು ತೆಗೆಯುವ ಮೊದಲು ನಾವೇ ಇಟ್ಟುಬಿಡುವ" ಅಂದಳು.

ಅರ್ಜಿ ಹೋದ ಹದಿನೈದು ದಿನಕ್ಕೆ ಚಂದವ್ವ ಅವಳನ್ನು ಹುಡುಕಿಕೊಂಡು ನರ್ಸಿಂಗ್ ಹೋಮಿಗೆ ಬಂದಳು. ಅಸೋಸಿಯೇಶನ್ನಿನ ಕಾರಕೂನ ಮನೆಗೆ ಬಂದಿದ್ದನಂತೆ. ಇಪ್ಪತ್ತು ಸಾವಿರ ಕೊಡುತ್ತಾರಂತೆ, ಒಂದು ಕಾಗದಕ್ಕೆ ಹೆಬ್ಬೆಟ್ಟು ಒತ್ತಬೇಕಂತೆ. "ಏನ್ ಬರ್ದಾರ ಅಂತ ಓದಿ ಹೇಳ್ರಿ ಅಕ್ಕಾರ" ಎಂದಳು. ಜಯಲತಾ ಅವಳ ಜೊತೆಗೇ ಹೊರಟಳು.

ಠಾಣೆಯ ಪಕ್ಕದ ಕಳವಾ ಎಂಬಲ್ಲಿ ಗುಡ್ಡದ ಬುಡಕ್ಕೆ ಅವರ ಒಂದೇ ಕೋಣೆ. ಚಂದ್ರಾಮ ಗೋಡೆಗೊರಗಿ ಕೂತಿದ್ದ. ಹೊಟ್ಟೆಯ ಮೇಲೆ ಎದೆಯಿಂದ ಹೊಕ್ಕುಳ ತನಕ ಹೊಲಿಗೆಯ ಗೆರೆ. ಭಾರ ಎತ್ತುವಂತಿಲ್ಲ ಎಂದಿದ್ದರು, ಭಾರ ಎತ್ತುವುದೇ ಅವನ ಕೆಲಸವಾಗಿತ್ತು. ಚಂದವ್ವ ಒಬ್ಬಳೇ ಇಟ್ಟಿಗೆ ಹೊರಲು ಹೋಗುತ್ತಿದ್ದಳು.

ಜಯಲತಾ ಕಾಗದ ಓದಿದಳು. ದುಡ್ಡು ಬಂದಿದೆ, ಮುಂದೆ ಏನೂ ಕೇಳುವುದಿಲ್ಲ ಎಂದಿತ್ತು. ಅದರ ಮೇಲೆ ಇನ್ನೊಂದು ಸಾಲಿತ್ತು. 'ಅಪಘಾತ ನನ್ನದೇ ಅಜಾಗರೂಕತೆಯಿಂದ ಆಯಿತು.'

"ಅಂದ್ರ?" ಎಂದ ಚಂದ್ರಾಮ.

"ನೀನೇ ಹೋಗಿ ಬೈಕಿಗೆ ಸಿಕ್ಕಿಕೊಂಡೆ ಅಂತ."

"ನಾ ಹಗ್ಗದ ಆಚಿಗಿ ಇದ್ದೆನ್ರೀ. ಎಲ್ಲಾರೂ ನೋಡ್ಯಾರ."

"ಗೊತ್ತು." ಜಯಲತಾ ಕಾಗದ ಕೆಳಗಿಟ್ಟಳು. ಇನ್ನು ತಡೆದುಕೊಳ್ಳಲಾಗಲಿಲ್ಲ. "ಇನ್ನೊಂದು ಮಾತು ಹೇಳಬೇಕು. ಆ ದಿನ ನೀನು ಎಡಭುಜ ಅಂದೆಯಲ್ಲ, ಆಗಲೇ ನಾನು ಹೊಟ್ಟೆ ನೋಡಬೇಕಿತ್ತು. ನೋಡಿದ್ದರೆ ನೀನು ಮುಕ್ಕಾಲು ಗಂಟೆ ಮುಂಚೆ ಆಸ್ಪತ್ರೆ ಸೇರುತ್ತಿದ್ದೆ. ಇಷ್ಟು ರಕ್ತ ಹೋಗುತ್ತಿರಲಿಲ್ಲ. ಮೊನ್ನೆ ಸಭೆಯಲ್ಲಿ ಎಲ್ಲರ ಮುಂದೆ ಒಪ್ಪಿಕೊಂಡೆ."

ಚಂದ್ರಾಮ ಹೊಟ್ಟೆಯ ಗೆರೆಯನ್ನೇ ನೋಡಿಕೊಂಡ. ಮಾತಾಡಿದವಳು ಚಂದವ್ವ.

"ಮೀಟಿಂಗಿನ್ಯಾಗ ದೊಡ್ಡ ಮಂದಿ ಮುಂದ ಹೇಳಿರಿ. ನಮ್ಮ ಮುಂದ ಹೇಳಾಕ ಇಷ್ಟು ದಿನಾ ಬೇಕಾತೇನ್ರೀ?"

ಹೊರಗೆ ಕಾರ್‌ಶೆಡ್ಡಿಗೆ ತಂಗಲು ಹೋಗುವ ಖಾಲಿ ರೈಲು ಕಿರುಗುಟ್ಟುತ್ತ ಹಾದುಹೋಯಿತು.

"ತಪ್ಪಾಯ್ತು," ಎಂದಳು ಜಯಲತಾ. "ನಿಮಗೇ ಮೊದಲು ಹೇಳಬೇಕಿತ್ತು. ಹೆದರಿದೆ."

ಚಂದವ್ವ ಮುಖ ತಿರುಗಿಸಿ ಒಲೆಯ ಕಡೆ ಹೋದಳು. ಚಂದ್ರಾಮ ನಿಧಾನಕ್ಕೆ, "ಆ ಟೆಂಪೋದಾಗ ನನ್ನ ಕಾಲು ಯಾರೋ ಹಿಡಿದಿದ್ರು, ಅಷ್ಟು ನೆಪ್ಪದ" ಎಂದ. ಆಮೇಲೆ, "ಆ ಸಾಲು ಹೊಡ್ಸಿ ಕೊಡ್ರಿ ಅಕ್ಕಾರ. ರೊಕ್ಕ ಬೇಕು, ಖರೇ. ಆದ್ರ ಸುಳ್ಳಿಗಿ ಹೆಬ್ಬೆಟ್ಟು ಒತ್ತಂಗಿಲ್ಲ" ಎಂದ.

ಮರುದಿನ ಅವಳು ಚಂದವ್ವನನ್ನು ಕರೆದುಕೊಂಡು ವಾಶಿಗೆ ಹೋದಳು. ರಘುಪತಿ ಹೊರಗೆ ಬರಲಿಲ್ಲ. ಕಾರಕೂನ ಒಳಗೂ ಹೊರಗೂ ಮೂರು ಸಲ ಓಡಾಡಿದ. ಕೊನೆಗೆ ಆ ಸಾಲನ್ನೂ, ಜಯಲತಾ ಬೆರಳಿಟ್ಟು ತೋರಿಸಿದ 'ಮುಂದೆ ಏನೂ ಕೇಳುವುದಿಲ್ಲ' ಎಂಬುದನ್ನೂ ಹೊಡೆದುಹಾಕಿ ದುಡ್ಡು ಎಣಿಸಿ ಕೊಟ್ಟ. ಧರ್ಮಾದಾಯ ಕಚೇರಿಯ ನೋಟೀಸು ಆಗಲೇ ಬಂದಿತ್ತೆಂದು ಆಮೇಲೆ ತಿಳಿಯಿತು. ವಾಪಸು ಬರುವಾಗ ಬಸ್ಸಿನಲ್ಲಿ ಚಂದವ್ವ ಅವಳ ಪಕ್ಕದಲ್ಲೇ ಕೂತಳು, ಮುಖ ಮಾತ್ರ ಕಿಟಕಿಯ ಕಡೆಗಿತ್ತು.

ಕಚೇರಿಯ ತೀರ್ಮಾನ ಬಂದದ್ದು ಮಳೆಗಾಲ ಕಳೆದ ಮೇಲೆ. ಸಂಬಳ ಕೊಡುವುದು ತಪ್ಪಲ್ಲ, ಆದರೆ ಈ ಸಂಬಳವನ್ನು ಗೊತ್ತುಮಾಡಿದ ಐವರು ಟ್ರಸ್ಟಿಗಳಲ್ಲಿ ಒಬ್ಬಳು ರಘುಪತಿಯ ಹೆಂಡತಿ, ಇನ್ನೊಬ್ಬ ಭಾವಮೈದುನ. ಅವರಿಬ್ಬರನ್ನು ಬಿಟ್ಟು, ಸದಸ್ಯರೆಲ್ಲರ ಮುಂದಿಟ್ಟು ಹೊಸದಾಗಿ ನಿಗದಿ ಮಾಡಬೇಕು. ಹೊಸ ಸಭೆಯಲ್ಲಿ ಸಂಬಳ ಅರ್ಧಕ್ಕಿಳಿಯಿತು, ಕಾರು ಹೋಯಿತು. ರಘುಪತಿ ಕುರ್ಚಿಯಲ್ಲೇ ಉಳಿದ. ಅವನ ಬದಲು ಆ ಕೆಲಸ ಮಾಡುವವರು ಯಾರೂ ಮುಂದೆ ಬರಲಿಲ್ಲ. ರೇಸಿಗೆ ಆಂಬುಲೆನ್ಸೂ ಡಾಕ್ಟರೂ ಇರಬೇಕೆಂದು ಮುಂಡಪ್ಪ ಗೊತ್ತುವಳಿ ತಂದ. ಈ ಸಲ ಬರೆದುಕೊಂಡು ಹೋಗಿದ್ದರಿಂದ ಮಾತು ಮರೆಯಲಿಲ್ಲ, ಗೊತ್ತುವಳಿ ಪಾಸಾಯಿತು. ಗೌರವ ಸದಸ್ಯತ್ವದ ಕಾರ್ಡುಗಳನ್ನು ಮಾತ್ರ ಅದೇ ಸಭೆಯಲ್ಲಿ ರದ್ದು ಮಾಡಿದರು.

ನವೆಂಬರಿನ ಮೊದಲ ರೇಸಿಗೆ ಜಯಲತಾಳಿಗೆ ಕರೆ ಬರಲಿಲ್ಲ. ಭಾನುವಾರ ಬೆಳಿಗ್ಗೆ ಅವಳು ಬಟ್ಟೆ ಒಗೆದಳು, ಡಬ್ಬಿಗಳನ್ನೆಲ್ಲ ಇಳಿಸಿ ಒರೆಸಿದಳು, ಒರೆಸಿದ್ದನ್ನು ಮತ್ತೆ ಒರೆಸಿದಳು. "ಹೋಗಿ ಬಾ ಮಾರಾಯ್ತಿ," ಎಂದ ಶಂಭು, ಪೇಪರಿನಿಂದ ಕಣ್ಣೆತ್ತದೆ. "ಮನೆಯ ಸಾಮಾನು ಸವೆಯುತ್ತದೆ."

ಅವಳು ರೇಸಿನ ಬಯಲಿಗೆ ಹೋಗಿ ಟಿಕೆಟು ಕೊಂಡ ಜನರ ಜೊತೆ ಹಗ್ಗದ ಹೊರಗೆ ನಿಂತಳು. ಬೈಕುಗಳು ದಿಣ್ಣೆ ಹತ್ತಿ ಹಾರಿದವು, ಎದೆ ಮೊದಲಿನ ಹಾಗೆಯೇ ಹಗುರಾಯಿತು. ಟೆಂಟಿನ ಪಕ್ಕದಲ್ಲಿ ಬಿಳಿ ಆಂಬುಲೆನ್ಸ್ ಕಂಡಿತು. ನೋಡಿ ತಿರುಗೋಣವೆಂದುಕೊಂಡವಳು ಹತ್ತಿರವೇ ಹೋದಳು. ಡ್ರೈವರ್ ಮುಂದಿನ ಸೀಟಿನಲ್ಲಿ ಕಾಲು ಚಾಚಿ ಕಡಲೆಕಾಯಿ ಸುಲಿಯುತ್ತಿದ್ದ. ಆಕ್ಸಿಜನ್ ಸಿಲಿಂಡರಿತ್ತು, ಸ್ಟ್ರೆಚರಿತ್ತು.

"ಡಾಕ್ಟರ್ ಎಲ್ಲಿ?" ಎಂದು ಕೇಳಿದಳು.

"ಚಹಾ ಕುಡಿಯೋಕೆ ಹೋಗಿದ್ದಾರೆ."

"ಯಾವಾಗ ಹೋದರು?"

ಡ್ರೈವರ್ ಅವಳನ್ನು ಮೇಲೆ ಕೆಳಗೆ ನೋಡಿದ. "ಆಯ್ತು ಅರ್ಧ ಗಂಟೆ. ನೀವು ಯಾರು?"

ಎರಡನೆಯ ರೇಸಿಗೆ ಬೈಕುಗಳು ಗೆರೆಯ ಮೇಲೆ ಬಂದು ನಿಲ್ಲುತ್ತಿದ್ದವು. ಜಯಲತಾ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಬಾವುಟ ಹಿಡಿದು ನಿಂತವನ ಕಡೆಗೆ ಬಿರಬಿರನೆ ನಡೆದಳು. ಡಾಕ್ಟರ್ ಬರುವ ತನಕ ಬಾವುಟ ಬೀಸಬೇಡ ಎಂದು ಹೇಳುವುದಿತ್ತು.